ಡಾಕ್ಟರು ಹೇಳಿದ ಮಿಶ್ರಿ

ನಮ್ಮ ಅತ್ತೆಗೆ ಯಾವ ಚಟವೂ ಇರಲಿಲ್ಲ. ಇದನ್ನು ಅವರೇ ಹೇಳುತ್ತಿದ್ದರು, ಬಾಯಿ ತುಂಬ ಕರೀ ಪುಡಿ ಇಟ್ಟುಕೊಂಡು.

ಆ ಪುಡಿಗೆ ಮಿಶ್ರಿ ಅನ್ನುತ್ತಾರೆ. ನಮ್ಮ ಸೀಮೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗಾಗುವ ತನಕ ಹುರಿದು, ಕುಟ್ಟಿ, ತೆಳು ಅರಿವೆಯಲ್ಲಿ ಸೋಸಿದರೆ ಮಿಶ್ರಿ. ಅದನ್ನು ತೋರುಬೆರಳಿನಿಂದ ಹಲ್ಲಿಗೆ, ವಸಡಿಗೆ ತಿಕ್ಕಿ ಬಾಯಲ್ಲೇ ಇಟ್ಟುಕೊಂಡು ಕೂಡುವುದು. ಹಾಗೆ ಕೂತವರನ್ನು ಮಾತಾಡಿಸಿದರೆ 'ಹೂಂ', 'ಊಹೂಂ' ಎರಡೇ ಉತ್ತರ. ಗಂಡಸರು ಬೀಡಿ ಸೇದಿದರೆ ಚಟ, ಗುಟ್ಕಾ ತಿಂದರೆ ಚಟ. ಹೆಂಗಸರು ಮಿಶ್ರಿ ಹಚ್ಚಿದರೆ ಮಾತ್ರ ಅದಕ್ಕೆ ಹಲ್ಲು ತಿಕ್ಕುವುದು ಅಂತ ಹೆಸರು. ನಮ್ಮ ಅತ್ತೆ ಮುಂಜಾನೆ ಎದ್ದು ಹಲ್ಲು ತಿಕ್ಕುತ್ತಿದ್ದರು, ಎಮ್ಮೆಗೆ ನೀರು ತೋರಿಸಿ ಬಂದು ತಿಕ್ಕುತ್ತಿದ್ದರು, ಸಂಜೆ ಕಟ್ಟೆಗೆ ಯಾರಾದರೂ ಬಂದರೆ ಅವರ ಜೊತೆ ಕೂತು ಮತ್ತೊಮ್ಮೆ ತಿಕ್ಕುತ್ತಿದ್ದರು.

"ಅತ್ತಿಯವ್ರ, ಇಷ್ಟ ತಿಕ್ಕಿದ್ರ ಹಲ್ಲ ಸವದ ಹೋಗ್ತಾವ್ರಿ" ಅಂದಿದ್ದೆ, ಮದುವೆಯಾದ ಹೊಸತರಲ್ಲಿ.

"ಸವದ್ರ ನನ್ನ ಹಲ್ಲ ಸವೀತಾವ. ನಿನ್ನ ನಾಲಿಗಿ ಏನ ಸವಿಯೂದಿಲ್ಲ ತಗೋ" ಅಂದಿದ್ದರು.

ನಾನು ಶಲವಡಿಯ ಎರೆಭೂಮಿಯಲ್ಲಿ ಹುಟ್ಟಿ ಕಲಘಟಗಿ ಹತ್ತಿರದ ತಂಬೂರಿಗೆ ಸೊಸೆಯಾಗಿ ಬಂದವಳು. ಎರೆ ಸೀಮೆಯವರಿಗೆ ಬಾಯಿ ಜೋರು ಅಂತ ಇಲ್ಲಿಯವರ ಮಾತು. ಸುಳ್ಳೇನಲ್ಲ. ಅತ್ತೆಯ ತವರು ಮಿಶ್ರಿಕೋಟಿ. ಮಿಶ್ರಿ ಬಿಡಿಸುವ ಮಾತು ತೆಗೆದಾಗಲೆಲ್ಲ ಅವರು, "ನನ್ನ ತವರಮನಿ ಹೆಸರಿನ್ಯಾಗ ಐತಿ, ಹೆಂಗ ಬಿಡ್ಲೆ?" ಅನ್ನುತ್ತಿದ್ದರು. ಇದು ಯಾವ ನ್ಯಾಯ? ನನ್ನ ತವರಿನ ಹೆಸರಿನಲ್ಲಿ ವಡಿ ಇದೆ, ಹಾಗಂತ ನಾನೇನು ದಿನಾ ಎಣ್ಣೆ ಇಟ್ಟು ವಡಿ ಕರಿಯುತ್ತೇನೆಯೇ? ಹಾಗೆ ಕೇಳಿಯೂ ಬಿಟ್ಟೆ. "ಕರದ್ರ ಯಾರ ಬ್ಯಾಡ ಅಂದಾರ?" ಅಂದರು.

ಹೀಗೆ ನಮ್ಮ ಜಗಳ ಚೆಂದಾಗಿ ನಡೆದಿತ್ತು. ಅಷ್ಟರಲ್ಲಿ ಅತ್ತೆಯ ನಿದ್ದೆ ಹೋಯಿತು.

ವಯಸ್ಸಿಗೋ, ಮೊಣಕಾಲು ನೋವಿಗೋ, ಹಾಸಿಗೆಯ ಮೇಲೆ ಬಿದ್ದರೆ ಕಣ್ಣು ಮುಚ್ಚದು. ನಿದ್ದೆ ಬಾರದ ಅತ್ತೆಯನ್ನು ಇಟ್ಟುಕೊಂಡು ಬಾಳಿದವರಿಗೇ ಗೊತ್ತು ಅದರ ಸುಖ. ಅವರು ಎಚ್ಚರ ಇದ್ದರೆ ಮನೆಯೆಲ್ಲ ಎಚ್ಚರ ಇರಬೇಕು. ನನಗಿನ್ನೇನು ಜೊಂಪು ಹತ್ತಬೇಕು, ಪಡಸಾಲೆಯಿಂದ ದನಿ ಬರುತ್ತಿತ್ತು: "ಏನವಾ, ಹಾಲಿಗೆ ಹೆಪ್ಪ ಹಾಕಿಯೇನ?" ಹಾಕಿದ್ದೇನೆ ಅಂದರೆ, "ಮುಚ್ಚಿಯೇನ?" ಮುಚ್ಚಿದ್ದೇನೆ ಅಂದರೆ, "ಮ್ಯಾಲ ಕಲ್ಲ ಇಟ್ಟಿಯೇನ?" ನಮ್ಮ ಮನೆಯವರು ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದರು. ಗಂಡಸರಿಗೆ ಹಾಲು, ಹೆಪ್ಪು, ಕಲ್ಲು ಯಾವುದೂ ಕೇಳಿಸುವುದಿಲ್ಲ.

ಕಡೆಗೆ ನಾನೇ ಹಟ ಹಿಡಿದು ಹುಬ್ಬಳ್ಳಿಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೈಸೂರು ಕಡೆಯ ಹುಡುಗ ಡಾಕ್ಟರು. ಮಾತು ಬೆಣ್ಣೆಯ ಹಾಗೆ. ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿಸಿದರು. ರಿಪೋರ್ಟಿನ ಹಾಳೆ ತಿರುವುತ್ತಾ ಕೇಳಿದರು:

"ಅಜ್ಜೀ, ಏನಾದರೂ ಚಟ ಇದೆಯಾ? ಬೀಡಿ, ತಂಬಾಕು, ಅಂಥದ್ದು?"

"ಶಿವ ಶಿವಾ! ಏನ ಮಾತಾಡ್ತೀರ್ರೀ? ಮುಂಜಾನೆದ್ದು ಲಿಂಗಪೂಜಿ ಮಾಡಾಕಿ ನಾ. ಚಟಾ ಅಂತ ಚಟಾ!" ಅಂದರು ಅತ್ತೆ, ಸೆರಗು ಕೊಡವಿ.

ನನಗೆ ಸುಮ್ಮನಿರಲಾಗಲಿಲ್ಲ. "ಮಿಶ್ರಿ ಒಂದ ಐತ್ರಿ ಸಾಹೇಬ್ರ" ಅಂದೆ. ಮೇಜಿನ ಕೆಳಗೆ ಅತ್ತೆ ನನ್ನ ಕಾಲು ತುಳಿದರು. ಕಾಲುಂಗುರದ ಮೇಲೆಯೇ ತುಳಿದರು.

ಡಾಕ್ಟರು ಹಾಳೆಯಿಂದ ತಲೆ ಎತ್ತಲಿಲ್ಲ. "ಮಿಶ್ರೀನಾ? ಅದಕ್ಕೇನಂತೆ. ಶುಗರ್ ಎಲ್ಲ ನಾರ್ಮಲ್ ಇದೆ. ಊಟ ಆದಮೇಲೆ ಒಂಚೂರು ಬಾಯಿಗೆ ಹಾಕಿಕೊಳ್ಳಲಿ. ಜೀರ್ಣಕ್ಕೂ ಒಳ್ಳೆಯದು."

ನಾನು ಬಾಯಿ ತೆರೆದವಳು ತೆರೆದೇ ಕೂತೆ. ಅತ್ತೆ ನನ್ನ ಕಡೆ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ. ಎಲೆಕ್ಷನ್ ಗೆದ್ದವರು ಸೋತವರ ಮನೆ ಮುಂದೆ ಹಾಯುವಾಗ ಹಾಗೆ ನೋಡುತ್ತಾರೆ.

ನಿದ್ದೆಗೆ ಗುಳಿಗೆ ಬರೆದುಕೊಟ್ಟರು, ರಾತ್ರಿ ಊಟದ ನಂತರ ಅರ್ಧ. ಅತ್ತೆಗೆ ಗುಳಿಗೆಯ ಮೇಲೆ ಲಕ್ಷ್ಯವೇ ಇರಲಿಲ್ಲ. ಬಸ್ಸು ಹತ್ತಿದ್ದೇ ಬಾಜೂ ಸೀಟಿನವರಿಗೆ ಶುರು ಹಚ್ಚಿದರು. "ದೊಡ್ಡ ಡಾಕ್ಟರ ಹೇಳ್ಯಾರವಾ, ಉಂಡ ಮ್ಯಾಲ ಮಿಶ್ರಿ ಹಚ್ಚಬೇಕಂತ. ಉಂಡಿದ್ದು ಕರಗತೈತಂತ. ನಮ್ಮ ಸೊಸಿ ಇಷ್ಟ ವರ್ಷ ನನ್ನ ಹಿಂದ ಬಿದ್ದಿದ್ಲು ನೋಡ್ರಿ." ಕಂಡಕ್ಟರು "ಮಿಶ್ರಿಕೋಟಿ ಕ್ರಾಸ್ ಇಳಿಯೋರು ಬರ್ರಿ" ಅಂತ ಕೂಗಿದಾಗ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದರು. ನಾನು ಕಿಡಕಿಯ ಹೊರಗೆ ನೋಡುತ್ತಾ ಕೂತೆ. ಒಳಗೊಳಗೇ ಆ ಡಾಕ್ಟರನ್ನು ಹಿಡಿದು ಜಾಡಿಸುತ್ತಿದ್ದೆ. ಅಷ್ಟೊಂದು ಓದಿ ಮುದುಕಿಗೆ ತಂಬಾಕು ತಿಕ್ಕು ಅಂತ ಹೇಳುವುದಕ್ಕೆ ಏನೆನ್ನಬೇಕು?

ಅಲ್ಲಿಂದ ಮುಂದೆ ಅತ್ತೆಯ ಹಲ್ಲು ತಿಕ್ಕುವಿಕೆಗೆ ಔಷಧದ ಗೌರವ ಬಂತು. ಮುಂಜಾನೆ, ಮಧ್ಯಾಹ್ನ, ಸಂಜೆ ಹಳೆಯ ರೂಢಿಯಂತೆ. ಅದರ ಮೇಲೆ ಉಂಡಾಗೊಮ್ಮೆ, ಡಾಕ್ಟರ ಲೆಕ್ಕದಲ್ಲಿ. ರಾತ್ರಿ ರೊಟ್ಟಿ ತಿಂದು, ಸಂಚಿಯೊಳಗಿನ ಡಬ್ಬಿ ತೆಗೆದು, ಒಳ್ಳೆ ಹುರುಪಿನಿಂದ ತಿಕ್ಕಿ, ಬಾಯಿ ಮುಕ್ಕಳಿಸಿ, ಆಮೇಲೆ ಗುಳಿಗೆ ನುಂಗುವುದು. ನುಂಗಿ ಮಲಗಿದವರು ಹೊಳೆಯುವ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದರು: "ಏನವಾ, ಹಾಲಿಗೆ ಹೆಪ್ಪ ಹಾಕಿಯೇನ?"

ನಮ್ಮ ಮನೆಯವರು ಡಾಕ್ಟರಿಗೆ ಫೋನ್ ಮಾಡಿದರು. ಅರ್ಧ ಗುಳಿಗೆ ಒಂದಾಯಿತು. ಅದೂ ನಾಟಲಿಲ್ಲ. ಮತ್ತೆ ಹೋಗಿ ಬಂದೆವು, ಇನ್ನೂ ಗಟ್ಟಿಯಾದ ಬೇರೆ ಗುಳಿಗೆ ಬಂತು. ಅತ್ತೆಗೆ ಅದರಿಂದ ಒಂದಿಷ್ಟು ಕಣ್ಣು ಹತ್ತುತ್ತಿತ್ತು, ಮುಂಜಾನೆ ಎದ್ದು ಮಿಶ್ರಿ ಹಚ್ಚಿದರೆ ಮೈ ಹಗುರಾಗುತ್ತಿತ್ತು. "ನಿನ್ನ ಗುಳಿಗಿಕಿಂತ ನನ್ನ ಮಿಶ್ರಿನ ವಾಸಿ" ಅಂತ ನನಗೆ ಹೇಳುತ್ತಿದ್ದರು, ಗುಳಿಗೆ ನಾನೇ ಕಂಡುಹಿಡಿದವಳ ಹಾಗೆ.

ಈ ಮಿಶ್ರಿ ಹುರಿದುಕೊಡುತ್ತಿದ್ದವರು ಬಾಜೂ ಮನೆಯ ಮುಸ್ಲಿಂ ಹೆಂಗಸು, ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ನಮ್ಮ ಅತ್ತೆಯ ವಾರಿಗೆಯವರು, ಎರಡು ಮನೆಗಳ ನಡುವೆ ಒಂದೇ ಗೋಡೆ. ಅವರು ಹಂಚು ಏರಿಸಿದ ದಿನ ಓಣಿಯೆಲ್ಲ ಕೆಮ್ಮುತ್ತಿತ್ತು. ಅವರ ಕೈಯ ಮಿಶ್ರಿ ಬಿಟ್ಟರೆ ಅತ್ತೆಗೆ ಬೇರೆ ನಡೆಯುತ್ತಿರಲಿಲ್ಲ. ಅಂಗಡಿಯದು ಮಣ್ಣು ಇದ್ದ ಹಾಗೆ ಇರುತ್ತದಂತೆ. ಖಾಲಾ ಮಗಳ ಬಾಣಂತನಕ್ಕೆ ಅಂತ ಅಣ್ಣಿಗೇರಿಗೆ ಹೋದರು. ಹೋಗುವ ಗಡಿಬಿಡಿಯಲ್ಲಿ ಡಬ್ಬಿ ತುಂಬಿಸಿಕೊಡುವುದು ಮರೆತುಹೋಯಿತು.

ಡಬ್ಬಿ ಬರಿದಾಯಿತು. ಅತ್ತೆ ಅದರ ತಳವನ್ನು ಬೆರಳಿನಿಂದ ಸವರಿ ನೋಡಿ ಮುಚ್ಚಳ ಹಾಕಿದರು. ಆ ದಿನ ಅವರು ಅಂಗಳಕ್ಕೆ ಬಂದ ಖಾಲಾನ ಕೋಳಿಗೆ ಬೈದರು, ಮಿಕ್ಸರಿಗೆ ಬೈದರು, ಅಣ್ಣಿಗೇರಿಯಲ್ಲಿ ಹುಟ್ಟಿದ ಕೂಸಿಗೂ ಬೈದರು. "ಇನ್ನೊಂದ ವಾರ ತಡದ ಹುಟ್ಟಿದ್ರ ಏನಾಗ್ತಿತ್ತು ಅದಕ?" ರಾತ್ರಿ ಮಿಶ್ರಿ ಇಲ್ಲದೆ ಬರೀ ಗುಳಿಗೆ ನುಂಗಿ ಮಲಗಿದರು.

ಮಾರನೆಯ ಮುಂಜಾನೆ ಬಿಸಿಲು ಅಂಗಳಕ್ಕೆ ಬಂದರೂ ಅತ್ತೆ ಎದ್ದಿರಲಿಲ್ಲ. ನನಗೆ ಎಷ್ಟು ಖುಷಿ! ನಾನು ತುದಿಗಾಲಲ್ಲಿ ನಡೆದಾಡಿದೆ, ಪಾತ್ರೆ ಸಪ್ಪಳ ಮಾಡಲಿಲ್ಲ. "ನಿಮ್ಮವ್ವಗ ನಿದ್ದಿ ಹತ್ತೇತ್ರಿ" ಅಂತ ನಮ್ಮ ಮನೆಯವರಿಗೆ ಪಿಸುಗುಟ್ಟಿದೆ. ಎದ್ದ ಮೇಲೆ ಗೋಡೆ ಹಿಡಿದು ನಡೆದರು, ಮಾತು ದಪ್ಪಗೆ ಬರುತ್ತಿತ್ತು. ಎಷ್ಟೋ ದಿನದ ಬಾಕಿ ನಿದ್ದೆ, ಹಾಗಾಗುತ್ತದೆ ಅಂದುಕೊಂಡೆ. ದಿನವೆಲ್ಲ ಕೂತಲ್ಲೇ ತೂಕಡಿಸಿದರು. ನನಗೆ ಬೈಯಲಿಲ್ಲ. ಅದನ್ನಾದರೂ ನಾನು ಗಮನಿಸಬೇಕಿತ್ತು.

ಆ ರಾತ್ರಿಯೂ ಗುಳಿಗೆ ನುಂಗಿ ಮಲಗಿದವರು ಮರುದಿನ ಎಬ್ಬಿಸಿದರೂ ಏಳಲಿಲ್ಲ. ಅಲುಗಾಡಿಸಿದೆ. ಕಣ್ಣು ಅರ್ಧ ತೆರೆದರು, ಮತ್ತೆ ಮುಚ್ಚಿದರು. ಮುಖಕ್ಕೆ ನೀರು ಚಿಮುಕಿಸಿದೆ. ಹೇಗೋ ಎದ್ದು ಕೂತರು, ನಾನು ನೀರಿನ ತಂಬಿಗೆ ಇಡಲು ಹಿಂದೆ ತಿರುಗಿದೆ, ಅಷ್ಟರಲ್ಲಿ ಎದ್ದು ನಿಂತು ಎರಡು ಹೆಜ್ಜೆ ಇಟ್ಟು ಹೊಸ್ತಿಲ ಮೇಲೆ ದಡ್ಡನೆ ಬಿದ್ದರು. ಹಣೆ ಒಡೆಯಿತು. ವಿಭೂತಿಯ ಮೇಲೆ ರಕ್ತ ಇಳಿಯಿತು.

ಅವರ ತಲೆ ತೊಡೆಯ ಮೇಲೆ ಇಟ್ಟುಕೊಂಡು ಸೆರಗಿನಿಂದ ಹಣೆ ಒತ್ತಿ ಹಿಡಿದೆ. ಉಸಿರು ಇದೆಯೋ ಇಲ್ಲವೋ ಅಂತ ಮೂಗಿನ ಕೆಳಗೆ ಬೆರಳು ಹಿಡಿದರೆ ಏನೂ ತಿಳಿಯಲಿಲ್ಲ. "ಅತ್ತಿಯವ್ರ, ಏಳ್ರಿ. ನನಗ ಬೈರಿ. ಏನರೆ ಬೈರಿ ಒಮ್ಮಿ" ಅಂತ ಒದರಿದೆ. ಅಳುತ್ತಿದ್ದೆ ಅನ್ನುವುದು ಆಮೇಲೆ ಗೊತ್ತಾಯಿತು. ಅವರಿಲ್ಲದಿದ್ದರೆ ಆ ಮನೆಯಲ್ಲಿ ನಾನು ಯಾರ ಜೊತೆ ಜಗಳಾಡಲಿ? ಅವರ ತುಟಿ ಅಲುಗಿತು. ಕಿವಿ ಹತ್ತಿರ ತಂದೆ.

"ಹೆಪ್ಪ... ಹಾಕಿಯೇನ?"

"ಹಾಕೇನ್ರಿ, ಮುಚ್ಚೇನ್ರಿ, ಕಲ್ಲೂ ಇಟ್ಟೇನ್ರಿ" ಅಂದೆ.

ಹೊಲಕ್ಕೆ ಹೊರಟಿದ್ದ ನಮ್ಮ ಮನೆಯವರು ಅರ್ಧ ದಾರಿಯಿಂದ ಓಡಿಬಂದರು. ಓಣಿಯ ಟಂಟಂ ಆಟೋದಲ್ಲಿ ಕಲಘಟಗಿಯ ತನಕ, ಅಲ್ಲಿಂದ ಕಾರು ಮಾಡಿಕೊಂಡು ಹುಬ್ಬಳ್ಳಿಗೆ, ಅದೇ ಡಾಕ್ಟರ ಆಸ್ಪತ್ರೆಗೆ. ಹಣೆಗೆ ಹೊಲಿಗೆ ಹಾಕಿದರು, ತಲೆಯ ಫೋಟೊ ತೆಗೆದರು. ಒಳಗೇನೂ ಪೆಟ್ಟಾಗಿಲ್ಲ ಅಂದರು. ಒಂದು ದಿನ ಅಲ್ಲೇ ಇರಿಸಿಕೊಂಡರು. ಅತ್ತೆಗೆ ಮಂಪರು ಪೂರ್ತಿ ಇಳಿದು ನರ್ಸಿನ ಚಹಾಕ್ಕೆ ಸಕ್ಕರೆ ಸಾಲದು ಅಂತ ದೂರು ಶುರುವಾದ ಮೇಲೆ ನನ್ನ ಜೀವ ತಣ್ಣಗಾಯಿತು. ತಣ್ಣಗಾದದ್ದೇ ತಡ, ಸಿಟ್ಟು ನೆತ್ತಿಗೇರಿತು. ಡಾಕ್ಟರು ರೌಂಡಿಗೆ ಬಂದಾಗ ಹಾಸಿಗೆಯ ಮುಂದೆ ಅಡ್ಡ ನಿಂತೆ.

"ಏನ್ರಿ ಸಾಹೇಬ್ರ, ಗುಳಿಗಿ ಮ್ಯಾಲ ಗುಳಿಗಿ ಬರದ್ರಿ. ಅದು ಸಾಲದಂತ ದಿನಾ ಉಂಡ ಮ್ಯಾಲ ಮಿಶ್ರಿ ಹಚ್ಚರಿ ಅಂತ ನೀವ ಹೇಳಿದ್ರಿ. ಯಾವ ಡಾಕ್ಟರ ಹಂಗ ಹೇಳ್ತಾರ್ರೀ?"

"ಹಚ್ಚೋದಾ?" ಅಂದರು ಡಾಕ್ಟರು. "ಮಿಶ್ರಿ ತಿನ್ನೋದಲ್ಲವೇನಮ್ಮ?"

"ಮಿಶ್ರಿ ಯಾರ ತಿಂತಾರ್ರೀ? ತಿಂದ್ರ ತಲಿ ತಿರಗಿ ಬೀಳ್ತಾರ!"

ಡಾಕ್ಟರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅತ್ತೆ ಹಾಸಿಗೆಯ ಮೇಲಿಂದಲೇ ಸಂಚಿಗೆ ಕೈಹಾಕಿ ಬರಿದಾದ ಡಬ್ಬಿ ತೆಗೆದು ಮುಂದೆ ಹಿಡಿದರು. ಡಾಕ್ಟರು ಮುಚ್ಚಳ ತೆಗೆದು ಮೂಸಿದರು. ಮೂಸಿದ್ದೇ ಶುರುವಾಯಿತು ಸೀನು. ಸೀನಿ ಸೀನಿ ಕನ್ನಡಕ ಕೈಯಲ್ಲಿ ಹಿಡಿದುಕೊಂಡರು. ನವಲಗುಂದ ಕಡೆಯ ನರ್ಸಮ್ಮ ಸೆರಗಿಲ್ಲದ ಯೂನಿಫಾರ್ಮಿನಲ್ಲಿ ಬಾಯಿ ಮುಚ್ಚಿಕೊಳ್ಳಲು ಏನೂ ಸಿಗದೆ ಗೋಡೆಯ ಕಡೆ ತಿರುಗಿ ನಕ್ಕರು.

"ಸರ್, ಅದು ತಂಬಾಕ್ರಿ. ಸುಟ್ಟ ತಂಬಾಕ" ಅಂದರು ನರ್ಸಮ್ಮ.

ಪಾಪ, ಡಾಕ್ಟರು ಓದಿದ್ದು ದಿಲ್ಲಿ ಕಡೆ. ಅಲ್ಲಿ ಮಿಶ್ರಿ ಅಂದರೆ ಕಲ್ಲುಸಕ್ಕರೆಯಂತೆ, ನಾವು ಖಡಿಸಕ್ಕರಿ ಅನ್ನುತ್ತೇವಲ್ಲ, ಅದು. ಊಟದ ಮೇಲೆ ಬಡೇಸೋಂಪಿನ ಜೊತೆ ಬಾಯಿಗೆ ಹಾಕಿಕೊಳ್ಳುತ್ತಾರಂತೆ. ಅಜ್ಜಿಗೆ ಸಿಹಿಯ ಆಸೆ ಅಂದುಕೊಂಡು, ಶುಗರ್ ಇಲ್ಲದವರು ತಿನ್ನಲಿ ಬಿಡು ಅಂತ ಹೇಳಿದ್ದರಂತೆ. ನಾನು ಕಟ್ಟಿಕೊಂಡು ಬಂದಿದ್ದ ಬೈಗಳೆಲ್ಲ ಗಂಟಲಲ್ಲೇ ಉಳಿದವು. ಯಾರಿಗಂತ ಬೈಯಲಿ? ಒಂದು ಮಾತು ಅವರಿಗೆ ಸಿಹಿಯಾಗಿ ಕೇಳಿಸಿತ್ತು, ನಮಗೆ ಖಾರವಾಗಿ.

ಡಾಕ್ಟರು ಸ್ಟೂಲು ಎಳೆದುಕೊಂಡು ಕೂತರು. ನಗು ನಿಂತಿತ್ತು. "ತಂಬಾಕಿನಲ್ಲಿ ನಿಕೋಟಿನ್ ಇರುತ್ತೆ ಅಜ್ಜಿ. ಅದು ಎಚ್ಚರ ಇಡೋ ಪದಾರ್ಥ. ಗುಳಿಗೆ ಮಲಗಿಸೋದು. ರಾತ್ರಿ ಎರಡನ್ನೂ ಒಟ್ಟಿಗೆ ತಗೊಂಡರೆ ಅದು ಎಬ್ಬಿಸುತ್ತೆ, ಇದು ಮಲಗಿಸೋಕೆ ನೋಡುತ್ತೆ. ನಿಮಗೆ ನಿದ್ದೆ ಬರಲಿಲ್ಲ ಅಂತ ನಾನು ಗುಳಿಗೆ ಏರಿಸ್ತಾ ಹೋದೆ. ನೀವು ತಂಬಾಕು ಹಚ್ಚೋದು ಗೊತ್ತಿದ್ದರೆ ನಾನು ಹಾಗೆ ಏರಿಸ್ತಿರಲಿಲ್ಲ. ಈಗ ಡಬ್ಬಿ ಬರಿದಾಗಿ ಅದು ಒಮ್ಮೆಲೇ ನಿಂತಿದೆ, ಇದು ಮಾತ್ರ ಪೂರಾ ಉಳಿದಿದೆ."

ಅತ್ತೆ ಡಾಕ್ಟರ ಕೈಯಿಂದ ಡಬ್ಬಿ ಇಸಿದುಕೊಂಡರು. "ಹಗ್ಗ ಜಗ್ಗಿದಂಗ ಆತಲ್ರಿ. ಆ ಕಡಿಯಾಂವ ಕೈ ಬಿಟ್ಟ, ನಾ ಬಿದ್ದೆ" ಅಂದರು.

"ಸರಿಯಾಗಿ ಹೇಳಿದಿರಿ. ಗುಳಿಗೆ ನಾನು ಹೇಳಿದಷ್ಟೇ ತಗೋತಿದ್ದಿರಿ ತಾನೆ?"

ಅತ್ತೆ ನನ್ನ ಕಡೆ ಒಮ್ಮೆ ಕಳ್ಳನೋಟ ನೋಡಿದರು. "ಒಮ್ಮೊಮ್ಮಿ ನಿದ್ದಿ ಬರಲಿಲ್ಲ ಅಂದ್ರ ಇನ್ನರ್ಧ ನುಂಗ್ತಿದ್ದೆ. ಮೊನ್ನಿನೂ ನುಂಗಿದ್ದೆ. ಮಿಶ್ರಿ ಇರಲಿಲ್ಲ ನೋಡ್ರಿ, ನಿದ್ದಿ ಎಲ್ಲಿ ಬರತೈತಿ ಅಂತ."

ಡಾಕ್ಟರ ಮುಖ ಬಿಳಿಚಿಕೊಂಡಿತು. ಈ ವಯಸ್ಸಿಗೆ ಆ ಗುಳಿಗೆ ಹೆಚ್ಚಾದರೆ ಬೀಳುವುದಷ್ಟೇ ಅಲ್ಲ, ಉಸಿರೇ ನಿಧಾನವಾಗಬಹುದು ಅಂದರು. ನಾನು ಕಟಕಟ ಹಲ್ಲು ಕಡಿದು, "ಅತ್ತಿಯವ್ರ, ನೀವ ಸತ್ತಿದ್ರ ನಾ ನಿಮ್ಮನ್ನ ಬಿಡ್ತಿದ್ದಿಲ್ಲ!" ಅಂದುಬಿಟ್ಟೆ. ನರ್ಸಮ್ಮ ಮತ್ತೆ ಗೋಡೆಯ ಕಡೆ ತಿರುಗಿದರು.

ಡಾಕ್ಟರು ಗುಳಿಗೆ ಇಳಿಸಿ ಬರೆದರು. ತಂಬಾಕನ್ನೂ ಇಳಿಸುತ್ತಾ ಬನ್ನಿ, ದೀಪ ಹಚ್ಚಿದ ಮೇಲಂತೂ ಮುಟ್ಟಬೇಡಿ, ಗುಳಿಗೆಯನ್ನಾಗಲಿ ತಂಬಾಕನ್ನಾಗಲಿ ತಮ್ಮನ್ನು ಕೇಳದೆ ಒಮ್ಮೆಲೇ ಹೆಚ್ಚು ಕಡಿಮೆ ಮಾಡಬೇಡಿ, ಮಾಡಿದ್ದರೆ ಮುಚ್ಚಿಡಬೇಡಿ ಅಂದರು. "ಇನ್ನು ಮೇಲೆ ಚಟ ಇದೆಯಾ ಅಂದರೆ ಇದೆ ಅನ್ನಬೇಕು ಅಜ್ಜಿ."

"ಅದು ಚಟ ಅಲ್ರಿ" ಅಂದರು ಅತ್ತೆ, ಹಣೆಯ ಪಟ್ಟಿ ಮುಟ್ಟಿಕೊಳ್ಳುತ್ತಾ. "ಹಲ್ಲ ತಿಕ್ಕೂದು."

ಗುಳಿಗೆಗಳೆಲ್ಲ ಅಂದಿನಿಂದ ನನ್ನ ಟ್ರಂಕಿನೊಳಗೆ ಹೋದವು, ಬೀಗದ ಕೈ ನನ್ನ ಸೊಂಟಕ್ಕೆ ಬಂತು. ಖಾಲಾ ಅಣ್ಣಿಗೇರಿಯಿಂದ ಬಂದವರು ಕಥೆ ಕೇಳಿ ಮೊದಲು ಅತ್ತರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಡಬ್ಬಿ ತುಂಬಿಸಿಕೊಂಡು ಬಂದು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಆಸೆಯಿಂದ ಮುಚ್ಚಳ ತೆಗೆದು ನೋಡಿದರೆ ಒಳಗೆ ಖಡಿಸಕ್ಕರಿ.

"ಡಾಕ್ಟರ ಹೇಳಿದ್ದ ಮಿಶ್ರಿ ಇದ ಅಲ್ಲೇನ ಅಕ್ಕಾ?" ಅಂದರು ಖಾಲಾ. ಅತ್ತೆ ಒಂದು ಹರಳು ತೆಗೆದು ಅವರಿಗೇ ಎಸೆದರು. ಆಮೇಲೆ ಇನ್ನೊಂದು ತೆಗೆದು ಬಾಯಿಗೆ ಹಾಕಿಕೊಂಡರು.

ನಿಜ ಹೇಳಬೇಕೆಂದರೆ ಮಿಶ್ರಿ ಪೂರ್ತಿ ಬಿಟ್ಟಿರಲಿಲ್ಲ. ಮುಂಜಾನೆಯದು ಒಂದು ಉಳಿದಿತ್ತು. ಅದಕ್ಕೆ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಆದರೆ ರಾತ್ರಿಯ ನಿದ್ದೆ ನಿಧಾನಕ್ಕೆ ಅವರ ಹಾದಿಗೆ ಬಂತು. ಹೆಪ್ಪಿನ ವಿಚಾರಣೆ ನಿಂತಿತು. ನಿಂತದ್ದೇ ನನಗೆ ತೊಂದರೆಯಾಯಿತು. ಹೊಸ್ತಿಲ ಮೇಲೆ ಬಿದ್ದ ಆ ಮುಂಜಾನೆ ನನ್ನ ತಲೆಯಿಂದ ಹೋಗಿರಲಿಲ್ಲ. ದಿನಾ ನಸುಕಿಗೆ ಎದ್ದು, ಚಹಾ ಇಡುವ ಮೊದಲು, ಪಡಸಾಲೆಗೆ ಹೋಗಿ, ಸದ್ದಿಲ್ಲದೆ ಬಗ್ಗಿ, ಅತ್ತೆಯ ಮೂಗಿನ ಕೆಳಗೆ ಬೆರಳು ಹಿಡಿದು ನೋಡುತ್ತಿದ್ದೆ. ಬಿಸಿ ಉಸಿರು ತಾಗಿದ ಮೇಲೆಯೇ ಒಲೆಯ ಹತ್ತಿರ ಹೋಗುತ್ತಿದ್ದೆ. ಇದು ಯಾರಿಗೂ ಗೊತ್ತಿರಲಿಲ್ಲ. ಹಾಗಂತ ನಾನು ತಿಳಿದಿದ್ದೆ.

ಮತ್ತೆ ತೋರಿಸಲು ಹುಬ್ಬಳ್ಳಿಗೆ ಹೋದಾಗ ಡಾಕ್ಟರು ನಗುತ್ತಲೇ ಪೆನ್ನು ತೆಗೆದರು. "ಹೇಳಿ ಅಜ್ಜಿ. ಚಟ ಏನಾದರೂ?"

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಅತ್ತೆ ನೆಟ್ಟಗೆ ಕೂತರು. ಸೆರಗು ತಲೆಯ ಮೇಲೆ ಎಳೆದುಕೊಂಡರು.

"ಐತ್ರಿ" ಅಂದರು. "ಮಿಶ್ರಿ. ನಿಮ್ಮ ಮಿಶ್ರಿ ಅಲ್ಲ, ನಮ್ಮ ಮಿಶ್ರಿ. ಮುಂಜಾನೆ ಒಂದ ಸಲ. ಬರಕೋರಿ."

ಡಾಕ್ಟರು ಬರೆದುಕೊಂಡರು. ಲಿಂಗಪೂಜೆ ಮಾಡುವ ಹೆಂಗಸು ಅಷ್ಟು ವರ್ಷ ಬಾಯಿಗೆ ಬರಗೊಡದ ಮಾತು ಅದು.

"ಈಕಿಗೂ ಒಂದ ಚಟ ಐತ್ರಿ" ಅಂದರು ಅತ್ತೆ, ನನ್ನ ಕಡೆ ಬೆರಳು ಮಾಡಿ. "ಅದನ್ನೂ ಬರಕೋರಿ. ದಿನಾ ನಸಿಕಿನ್ಯಾಗ ಕಳ್ಳಬೆಕ್ಕಿನಂಗ ಬರ್ತಾಳ. ಬಂದ ನನ್ನ ಮೂಗಿನ ಕೆಳಗ ಬೆರಳ ಹಿಡೀತಾಳ, ಮುದಕಿ ಅದಾಳೋ ಹೋದ್ಳೋ ಅಂತ. ನಾ ಎಚ್ಚರ ಇರತೀನಿ, ಸುಮ್ಮ ಬಿದ್ದಿರತೀನಿ."

ನನಗೆ ಎಲ್ಲಿ ನೋಡಬೇಕು ತಿಳಿಯಲಿಲ್ಲ. ಡಾಕ್ಟರು ಜೋರಾಗಿ ನಕ್ಕು, "ಹಾಗಾದರೆ ಆ ಚಟ ಬಿಡಿಸೋಣವಾ ಅಜ್ಜಿ?" ಅಂದರು.

ಮೇಜಿನ ಕೆಳಗೆ ಅತ್ತೆಯ ಕಾಲು ನನ್ನ ಕಾಲಿನ ಮೇಲೆ ಬಂತು, ಈ ಸಲ ಮೆಲ್ಲಗೆ.

"ಬ್ಯಾಡ್ರಿ. ಒಮ್ಮೆಲೇ ಬಿಟ್ರ ಬೀಳ್ತೀರಿ ಅಂತ ನೀವ ಹೇಳೀರಲ್ಲ."